ಸೈಬೀರಿಯಕ್ಕೊಂದು ಸರಿಯಾದ ಸುಳಿವು ಕೊಡಿ

ಪದಬಂಧ ಬಿಡಿಸುವವರಿಗೆಲ್ಲ ಈ ಸುಳಿವು ಗೊತ್ತು: 'ಜನವಿರಳ ಅತಿಶೀತ ಪ್ರದೇಶ (4)'. ಕೆಲವೊಮ್ಮೆ 'ಸದಾ ಹಿಮ ಕವಿದ ದೂರದ ನಾಡು' ಎಂದಿರುತ್ತದೆ, ಇನ್ನು ಕೆಲವೊಮ್ಮೆ ಬರೀ 'ಶೀತ ಪ್ರದೇಶ'. ಉತ್ತರ ಬಹುತೇಕ ಸೈಬೀರಿಯ. ಪೆನ್ನು ಹಿಡಿದು ಕೂತವರು ಹೆಚ್ಚು ಯೋಚಿಸುವುದಿಲ್ಲ. ನಾಲ್ಕು ಮನೆ ತುಂಬಿ ಮುಂದಿನ ಸುಳಿವಿಗೆ ಹೋಗುತ್ತಾರೆ.

ಶಿರಹಟ್ಟಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಬೆಳಗಿನ ಚಹಾದ ಜೊತೆ ಪದಬಂಧ ಬಿಡಿಸದೆ ನನ್ನ ದಿನ ಶುರುವಾಗುವುದಿಲ್ಲ. ಆ ಆಟದ ಮೇಲಿನ ಅಕ್ಕರೆಯಿಂದಲೇ ಈ ಸುಳಿವಿನ ಬಗ್ಗೆ ತಕರಾರು ತೆಗೆಯುತ್ತಿದ್ದೇನೆ. ಆಟದ ಲೆಕ್ಕದಲ್ಲಿ ಇದು ಸೋಮಾರಿ ಸುಳಿವು. ಭೂಗೋಳದ ಲೆಕ್ಕದಲ್ಲಿ ಅರ್ಧ ಸುಳ್ಳು.

ಮೊದಲು ಆಟದ ಮಾತು. ನಾಲ್ಕು ಮನೆಗೆ ಹೊಂದುವ ಶೀತ ಪ್ರದೇಶ ಸೈಬೀರಿಯ ಒಂದೇ ಅಲ್ಲ. ನಮ್ಮಲ್ಲಿ ಒತ್ತಕ್ಷರ ಎಷ್ಟೇ ದಪ್ಪಗಿದ್ದರೂ ಅದಕ್ಕೆ ಒಂದೇ ಮನೆ. ಹಾಗಾಗಿ ಅಂಟಾರ್ಕ್ಟಿಕವೂ ನಾಲ್ಕೇ ಮನೆಯಲ್ಲಿ ಕೂರುತ್ತದೆ: ಅಂ, ಟಾ, ರ್ಕ್ಟಿ, ಕ. ಬರೆಯುವ ರೀತಿ ನೋಡಿಕೊಂಡು ಗ್ರೀನ್‌ಲ್ಯಾಂಡನ್ನೂ ನಾಲ್ಕಕ್ಕೆ ಹೊಂದಿಸಬಹುದು. ಎರಡೂ ಜನವಿರಳ, ಎರಡೂ ಅತಿಶೀತ. ಹಾಗಿದ್ದರೂ ಅನುಭವಿಗಳು ಸೈಬೀರಿಯ ಎಂದೇ ಬರೆಯುವುದು ಸುಳಿವನ್ನು ನಂಬಿ ಅಲ್ಲ, ಅಕ್ಷರಗಳನ್ನು ನಂಬಿ. 'ರ್ಕ್ಟಿ' ಇರುವ ಇನ್ನೊಂದು ಪದ ಬೇಕೆಂದರೆ ಆರ್ಕ್ಟಿಕ್ ಬಿಟ್ಟು ಬೇರೇನು ಸಿಕ್ಕೀತು? ಪದಬಂಧ ರಚಿಸುವವರು ಅದಕ್ಕೇ ಅಂಟಾರ್ಕ್ಟಿಕದ ತಂಟೆಗೆ ಹೋಗುವುದು ಕಡಿಮೆ. ಹೋದರೂ ಆ ಮೂರನೇ ಅಕ್ಷರದ ಮೇಲೂ ಕೆಳಗೂ ಕಪ್ಪು ಚೌಕ ಬರುವಂತೆ ಜಾಗ ಮಾಡಿಕೊಳ್ಳುತ್ತಾರೆ. ಸೈಬೀರಿಯದ ಅಕ್ಷರಗಳಿಗೆ ಈ ತೊಡಕೇ ಇಲ್ಲ. 'ಸೈ'ಯಿಂದ ಸೈನಿಕ, ಸೈರಣೆ ಇಳಿಯುತ್ತವೆ. 'ಬೀ'ಯಿಂದ ಬೀಗ, ಬೀಜ, ಬೀಸಣಿಗೆ. 'ರಿ' ಸಿರಿಯಲ್ಲೂ ಇದೆ, ಪರಿಮಳದಲ್ಲೂ ಇದೆ. 'ಯ'ದಲ್ಲಿ ಮುಗಿಯುವ ಪದಗಳಂತೂ ಲೆಕ್ಕವಿಲ್ಲದಷ್ಟು. ಮೂಲೆ ತುಂಬಲು ಇಷ್ಟು ಅನುಕೂಲದ ಪರನಾಡಿನ ಹೆಸರು ಇನ್ನೊಂದಿಲ್ಲ. ಸೈಬೀರಿಯ ನಮ್ಮ ಪದಬಂಧಗಳಲ್ಲಿ ಮತ್ತೆ ಮತ್ತೆ ಬರುವುದು ಹೀಗೆ. ಬರಲಿ, ಅದು ಸಂತೋಷವೇ. ಆದರೆ ಅಷ್ಟು ಸಲ ಬರುವ ನಾಡಿನ ಬಗ್ಗೆ ಪ್ರತಿ ಸಲವೂ ಒಂದೇ ಮಾತು ಹೇಳಿ ಮುಗಿಸುವುದು ಯಾಕೆ?

ಪದಬಂಧಕ್ಕೂ ಸೈಬೀರಿಯವನ್ನು ಒಳಗೊಂಡ ರಷ್ಯಕ್ಕೂ ಇರುವ ನಂಟು ಆಟದಷ್ಟೇ ಹಳೆಯದು. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ, ವಜ್ರದಾಕಾರದ ಆ ಮೊದಲ ಪದಬಂಧದಲ್ಲೇ ರಷ್ಯದ ನದಿಯೊಂದರ ಹೆಸರು ಕೇಳಲಾಗಿತ್ತು. ಉತ್ತರ ನೇವಾ. ಆಮೇಲೆ ಇಂಗ್ಲಿಷ್ ಪದಬಂಧಗಳಲ್ಲಿ ಲೀನಾ ನದಿ, ಓಮ್ಸ್ಕ್ ನಗರ, ಉರಲ್ ಪರ್ವತ ಎಲ್ಲವೂ ಕಾಯಂ ಅತಿಥಿಗಳಾದವು. ಕನ್ನಡದಲ್ಲಿ ಅ.ನ. ಪ್ರಹ್ಲಾದ ರಾವ್ ಅವರಂಥವರು ಸಾವಿರಾರು ಪದಬಂಧ ರಚಿಸಿ ಈ ಆಟವನ್ನು ಮನೆಮನೆಯ ಅಭ್ಯಾಸ ಮಾಡಿದರು. ಶಾಲೆ ಬಿಟ್ಟ ಮೇಲೆ ಭೂಪಟ ಮುಟ್ಟದ ಎಷ್ಟೋ ಮಂದಿಗೆ ದೂರದ ಊರು, ನದಿ, ಪರ್ವತಗಳ ಹೆಸರು ಮತ್ತೆ ಎದುರಾಗುವುದು ಈ ಚೌಕಗಳಲ್ಲೇ. ಹಾಗಾಗಿ ಸುಳಿವು ಬರೆಯುವವರ ಕೈಯಲ್ಲಿ ಒಬ್ಬ ಮೇಷ್ಟರ ಕೆಲಸವೂ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗ ಆ 'ಅತಿಶೀತ'ದ ವಿಚಾರ. ಸೈಬೀರಿಯದ ವೆರ್ಖೊಯಾನ್ಸ್ಕ್ ಎಂಬ ಪುಟ್ಟ ಊರಿನಲ್ಲಿ 1892ರ ಫೆಬ್ರುವರಿಯಲ್ಲಿ ಮೈನಸ್ 67.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದೇ ಊರಿನಲ್ಲಿ 2020ರ ಜೂನ್ 20ರಂದು ಉಷ್ಣಾಂಶ 38 ಡಿಗ್ರಿ ಮುಟ್ಟಿತು. ಆರ್ಕ್ಟಿಕ್ ವೃತ್ತದ ಉತ್ತರಕ್ಕೆ ಅಷ್ಟು ಬಿಸಿ ಹಿಂದೆಂದೂ ದಾಖಲಾಗಿರಲಿಲ್ಲ. ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಮರುವರ್ಷ ಅದನ್ನು ಖಚಿತಪಡಿಸಿತು. ಒಂದೇ ಊರು, ನೂರು ಡಿಗ್ರಿಗೂ ಮೀರಿದ ಅಂತರ. ಗದಗದ ಬೇಸಿಗೆಯಲ್ಲಿ ನಾವು ಉಸ್ಸಪ್ಪಾ ಎನ್ನುವ ಬಿಸಿಲು ಅಲ್ಲೂ ಕಾದಿತ್ತು. 'ಸದಾ ಹಿಮ ಕವಿದ' ಎಂದು ಬರೆಯುವವರು ಈ ಎರಡನೇ ಅಂಕಿಯನ್ನು ಒಮ್ಮೆ ನೋಡಬೇಕು.

ಇದಕ್ಕೆ ಕಾರಣ ಸರಳವಾದದ್ದು, ಒಂಬತ್ತನೇ ತರಗತಿಯ ಮಕ್ಕಳಿಗೂ ತಿಳಿಯುವಂಥದ್ದು. ಕಡಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ನೆಲ ಹಾಗಲ್ಲ. ಸೈಬೀರಿಯದ ಒಳನಾಡಿಗೆ ಬೆಚ್ಚನೆಯ ಕಡಲು ಯಾವ ದಿಕ್ಕಿನಲ್ಲೂ ಹತ್ತಿರವಿಲ್ಲ. ದಕ್ಷಿಣದಲ್ಲಿ ಏಷ್ಯಾದ ಪರ್ವತಗಳು ಸಾಲುಗಟ್ಟಿ ನಿಂತಿವೆ. ಚಳಿಗಾಲದಲ್ಲಿ ಭಾರವಾದ ತಣ್ಣನೆಯ ಗಾಳಿ ಕಣಿವೆಗಳಿಗೆ ಇಳಿದು ವಾರಗಟ್ಟಲೆ ಅಲ್ಲಾಡದೆ ಕೂರುತ್ತದೆ. ಬೇಸಿಗೆಯಲ್ಲಿ ಇಪ್ಪತ್ತು ಗಂಟೆಗೂ ಹೆಚ್ಚು ಹೊತ್ತು ಬಿಸಿಲಿದ್ದು ಅದೇ ನೆಲ ಕಾಯುತ್ತದೆ. ಹಿಮಾಲಯ ನಮ್ಮನ್ನು ಮಧ್ಯ ಏಷ್ಯಾದ ಚಳಿಗಾಳಿಯಿಂದ ಕಾಯುತ್ತದೆ ಎಂದು ನಮ್ಮ ಪಠ್ಯಪುಸ್ತಕಗಳಲ್ಲಿ ಬರೆದಿದ್ದರಲ್ಲ, ಆ ಪಾಠದ ಇನ್ನೊಂದು ಬದಿ ಇದು.

ನನ್ನ ವಿದ್ಯಾರ್ಥಿಗಳಿಗೆ ನಂಬುವುದೇ ಕಷ್ಟವಾಗುತ್ತಿದ್ದ ಇನ್ನೊಂದು ಸಂಗತಿ ಇದೆ. ಸೈಬೀರಿಯದ ಯಾಕುಟ್ಸ್ಕ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎರಡೂ ಸೇರಿ ಸುಮಾರು 240 ಮಿಲಿಮೀಟರ್. ಬರಗಾಲದ ಸೀಮೆ ಎಂದು ಹೆಸರಾದ ನಮ್ಮ ಗದಗ ಜಿಲ್ಲೆಯ ಮಳೆಯ ಅರ್ಧವೂ ಅಲ್ಲ. ಆದರೂ ಅಲ್ಲಿ ಕಣ್ಣು ಹಾಯುವವರೆಗೂ ಲಾರ್ಚ್ ಮರಗಳ ಕಾಡು. ನೆಲದಡಿಯಲ್ಲಿ ಸದಾ ಹೆಪ್ಪುಗಟ್ಟಿದ ಪದರ ಇರುವುದರಿಂದ ಬಿದ್ದಷ್ಟು ನೀರು ಇಂಗಿ ಹೋಗುವುದಿಲ್ಲ. ಬೇಸಿಗೆಯಲ್ಲಿ ಮೇಲ್ಪದರ ಕರಗಿ ಬೇರುಗಳಿಗೆ ತೇವ ಸಿಗುತ್ತದೆ. ಆ ಹೆಪ್ಪು ಎಷ್ಟು ಆಳಕ್ಕಿದೆ ಎಂಬುದಕ್ಕೆ ಅದೇ ಊರಿನ ಒಂದು ಬಾವಿ ಸಾಕ್ಷಿ. ಶೆರ್ಗಿನ್ ಎಂಬ ವ್ಯಾಪಾರಿ 1828ರಲ್ಲಿ ನೀರಿಗಾಗಿ ಬಾವಿ ತೋಡಿಸಲು ಶುರುಮಾಡಿದ. ಸುಮಾರು ಒಂಬತ್ತು ವರ್ಷ ಅಗೆದರು. 116 ಮೀಟರ್ ಇಳಿದರೂ ಸಿಕ್ಕಿದ್ದು ಹೆಪ್ಪುಗಟ್ಟಿದ ಮಣ್ಣೇ. ನೀರು ಬರಲಿಲ್ಲ, ವಿಜ್ಞಾನಿಗಳು ಬಂದರು: ಅಷ್ಟು ಆಳದವರೆಗೆ ಹೆಪ್ಪುಗಟ್ಟಿದ ನೆಲದ ಉಷ್ಣಾಂಶ ಅಳೆಯಲು ಜಗತ್ತಿನಲ್ಲಿ ಅಂಥ ಇನ್ನೊಂದು ಜಾಗ ಆಗ ಇರಲಿಲ್ಲ.

'ಜನವಿರಳ' ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಯಾಕುಟ್ಸ್ಕ್ ರಾಜಧಾನಿಯಾಗಿರುವ ಸಖಾ ಗಣರಾಜ್ಯದ ವಿಸ್ತೀರ್ಣ 30.8 ಲಕ್ಷ ಚದರ ಕಿಲೋಮೀಟರ್. ಹೆಚ್ಚುಕಡಿಮೆ ಇಡೀ ಭಾರತದಷ್ಟು. ಜನಸಂಖ್ಯೆ ಮಾತ್ರ ಹತ್ತು ಲಕ್ಷದ ಆಸುಪಾಸು. ಆದರೆ ಕಡಿಮೆ ಜನ ಇದ್ದಾರೆ ಎನ್ನುವುದು ಬೇರೆ, ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಮಾತಾಡುವುದು ಬೇರೆ. ಯಾಕುಟ್ಸ್ಕ್ ನಗರವೊಂದರಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಜನವರಿಯಲ್ಲಿ ಅಲ್ಲಿನ ಸರಾಸರಿ ಉಷ್ಣಾಂಶವೇ ಮೈನಸ್ ನಲವತ್ತರ ಹತ್ತಿರ. ಮನೆಗಳನ್ನು ನೆಲಕ್ಕೆ ತಾಗಿಸಿ ಕಟ್ಟಿದರೆ ಒಳಗಿನ ಶಾಖಕ್ಕೆ ಕೆಳಗಿನ ಹೆಪ್ಪು ಕರಗಿ ಕಟ್ಟಡವೇ ಕುಸಿಯುತ್ತದೆ. ಅದಕ್ಕೇ ಐದಾರು ಅಂತಸ್ತಿನ ಕಟ್ಟಡಗಳನ್ನೂ ಕಂಬಗಳ ಮೇಲೆ ನಿಲ್ಲಿಸಿ, ಕೆಳಗೆ ಗಾಳಿಯಾಡಲು ಬಿಡುತ್ತಾರೆ. ನೀರಿನ, ಬಿಸಿಹಬೆಯ ಕೊಳವೆಗಳು ನೆಲದ ಮೇಲೆಯೇ ಹಾದುಹೋಗುತ್ತವೆ. ರಸ್ತೆ ಅಡ್ಡ ಬಂದಲ್ಲಿ ಕಮಾನಿನಂತೆ ಮೇಲೆದ್ದು ದಾಟಿ ಮತ್ತೆ ಇಳಿಯುತ್ತವೆ. ಸಂತೆಯಲ್ಲಿ ಮೀನುಗಳನ್ನು ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ ಮಾರುತ್ತಾರೆ, ಕಲ್ಲಿನಷ್ಟು ಗಟ್ಟಿಯಾಗಿರುತ್ತವೆ. ಅದನ್ನೇ ಚಾಕುವಿನಿಂದ ತೆಳ್ಳಗೆ ಹೆರೆದು, ಉಪ್ಪು ಮೆಣಸು ಹಚ್ಚಿ, ಕರಗುವ ಮೊದಲೇ ತಿನ್ನುತ್ತಾರೆ. ಸ್ಟ್ರೊಗನಿನಾ ಎಂದು ಅದಕ್ಕೆ ಹೆಸರು.

ಸಖಾ ಜನ ಕುದುರೆ ಸಾಕುವವರು. ಅವರ ಗಿಡ್ಡ ಕಾಲಿನ, ದಟ್ಟ ಕೂದಲಿನ ಕುದುರೆಗಳು ಚಳಿಗಾಲವೆಲ್ಲ ಬಯಲಲ್ಲೇ ಇದ್ದು ಗೊರಸಿನಿಂದ ಹಿಮ ಕೆದರಿ ಹುಲ್ಲು ಹುಡುಕುತ್ತವೆ. ಜೂನ್ ತಿಂಗಳಲ್ಲಿ ಅವರಿಗೆ ದೊಡ್ಡ ಹಬ್ಬ, ಇಸಿಯಾಖ್. ಕುದುರೆಯ ಹಾಲನ್ನು ಹುಳಿಬರಿಸಿ ಮಾಡಿದ ಕುಮಿಸ್ ಹಂಚಿ, ಕೈ ಕೈ ಹಿಡಿದು ದುಂಡಗೆ ಕುಣಿದು, ಸೂರ್ಯನನ್ನು ಬರಮಾಡಿಕೊಳ್ಳುತ್ತಾರೆ. ಅವರಲ್ಲಿ ಒಲೊಂಖೊ ಎಂಬ ಮೌಖಿಕ ಮಹಾಕಾವ್ಯಗಳ ಪರಂಪರೆಯಿದೆ. ಯಾವ ವಾದ್ಯವೂ ಇಲ್ಲದೆ ಒಬ್ಬನೇ ಗಾಯಕ ಎಲ್ಲ ಪಾತ್ರಗಳನ್ನೂ ಹಾಡಿ, ಕಥೆಯ ಭಾಗವನ್ನು ಮಾತಿನಲ್ಲಿ ಹೇಳಿ, ರಾತ್ರಿಗಟ್ಟಲೆ ನಡೆಸುವ ಕಾವ್ಯ. ಯುನೆಸ್ಕೊ 2005ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು. ಬೆಳತನಕ ಮಲೆ ಮಾದೇಶ್ವರನ ಕಥೆ ಕೇಳುವ ನಮ್ಮ ನಾಡಿನವರಿಗೆ ಆ ಗಾಯಕ ಪರಕೀಯ ಅನಿಸಲಾರ. 'ಸಖಾ ಜನರ ಹಾಡುಗಬ್ಬ' ಎಂಬ ಸುಳಿವಿಗೆ ಒಲೊಂಖೊ ಮೂರೇ ಮನೆ. ಇಂಥದ್ದು ನಮ್ಮ ಪದಬಂಧದಲ್ಲಿ ನನ್ನ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.

ನದಿಗಳ ಮಾತು ಬಂದರೆ ನನಗೆ ಈಗಲೂ ತರಗತಿಯಲ್ಲಿ ನಿಂತಷ್ಟೇ ಹುರುಪು. ಓಬ್, ಯೆನಿಸೆ, ಲೀನಾ ಮೂರೂ ದಕ್ಷಿಣದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಆರ್ಕ್ಟಿಕ್ ಸಾಗರ ಸೇರುತ್ತವೆ. ವಸಂತ ಬಂದಾಗ ದಕ್ಷಿಣದ ಮೇಲ್ಭಾಗ ಮೊದಲು ಕರಗುತ್ತದೆ, ಉತ್ತರದ ಕೆಳಭಾಗ ಇನ್ನೂ ಹೆಪ್ಪುಗಟ್ಟಿರುತ್ತದೆ. ಕರಗಿದ ನೀರು, ಒಡೆದ ಮಂಜಿನ ದಿಮ್ಮಿಗಳು ಕೆಳಕ್ಕೆ ನುಗ್ಗಿ ಬಂದು ಮುಚ್ಚಿದ ಬಾಗಿಲಿಗೆ ಬಡಿಯುತ್ತವೆ. ದಡದ ಊರುಗಳು ಮುಳುಗುತ್ತವೆ. ಮಳೆಯ ಹನಿಯೂ ಇಲ್ಲದೆ ಪ್ರವಾಹ! ಯಾಕುಟ್ಸ್ಕ್ ಬಳಿ ತಲೆಮಾರುಗಳಿಂದ ಲೀನಾಕ್ಕೆ ಸೇತುವೆಯಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ಲಾರಿ ಓಡುತ್ತದೆ, ಬೇಸಿಗೆಯಲ್ಲಿ ದೋಣಿ. ನಡುವೆ ಮಂಜು ಕಟ್ಟುವ, ಮಂಜು ಒಡೆಯುವ ವಾರಗಳಲ್ಲಿ ಎರಡೂ ಇಲ್ಲ. ಇನ್ನು ಬೈಕಲ್ ಸರೋವರ: 1,642 ಮೀಟರ್ ಆಳ. ಭೂಮಿಯ ಮೇಲ್ಮೈಯಲ್ಲಿ ಹೆಪ್ಪುಗಟ್ಟದೆ ದ್ರವವಾಗಿರುವ ಸಿಹಿನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಅದೊಂದರಲ್ಲೇ ಇದೆ. ನೂರಾರು ನದಿಗಳು ಅದರೊಳಕ್ಕೆ ಬರುತ್ತವೆ, ಹೊರಕ್ಕೆ ಹರಿಯುವುದು ಅಂಗಾರಾ ಒಂದೇ. ಬೈಕಲ್, ಅಂಗಾರಾ ಎರಡಕ್ಕೂ ಮೂರು ಮೂರು ಮನೆ. ಕಷ್ಟದ ಒತ್ತಕ್ಷರ ಒಂದೂ ಇಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯ ಮಗ ಈಗ ಟಾಮ್ಸ್ಕ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾನೆ. 1888ರಿಂದ ವಿಶ್ವವಿದ್ಯಾಲಯ ನಡೆಯುತ್ತಿರುವ ಊರದು, ಕಿಟಕಿ ಚೌಕಟ್ಟಿಗೆಲ್ಲ ಕೆತ್ತನೆ ಮಾಡಿದ ಮರದ ಮನೆಗಳಿಗೆ ಹೆಸರಾದದ್ದು. ಮಗ ಸೈಬೀರಿಯಕ್ಕೆ ಹೊರಟ ಎಂದಾಗ ಅವನ ತಾಯಿ ಊಟ ಬಿಟ್ಟು ಅತ್ತಿದ್ದಳು. ಹುಡುಗ ಫೋನಿನಲ್ಲಿ ನನಗೆ ಹೇಳಿದ್ದು ಬೇರೆ: "ಅಕ್ಕೋರ, ಥಂಡಿ ತಡಕೋಬಹುದ್ರಿ, ರೂಮಿನಾಗ ಬೆಚ್ಚಗ ಇರತೈತಿ. ಜೂನದಾಗ ಅಡವಿ ಕಡೆ ಹೋದ್ರ ಗುಂಗಾಡು ಜೀವಾ ತಿಂತಾವ್ರಿ." ಸೈಬೀರಿಯದ ಸೊಳ್ಳೆಗಳ ಬಗ್ಗೆ ಅಲ್ಲಿಗೆ ಹೋಗಿಬಂದ ಪ್ರವಾಸಿಗರು ಶತಮಾನಗಳಿಂದ ಬರೆದಿದ್ದಾರೆ. ಹೆಪ್ಪು ಕರಗಿ ನೀರು ನಿಂತ ಜೌಗು ನೆಲ, ದೀರ್ಘ ಹಗಲು, ಬೇರೇನು ಬೇಕು ಅವಕ್ಕೆ! ಅದೇ ಟಾಮ್ಸ್ಕ್ ಪ್ರಾಂತ್ಯದಲ್ಲಿ ತೈಲ ತೆಗೆಯುವ ಇಂಪೀರಿಯಲ್ ಎನರ್ಜಿ ಕಂಪನಿಯನ್ನು ನಮ್ಮ ಒಎನ್‌ಜಿಸಿ ವಿದೇಶ್ 2009ರಲ್ಲಿ ಕೊಂಡಿತು. ಸಖಾದ ಗಣಿಗಳ ಕಚ್ಚಾ ವಜ್ರ ಸೂರತ್ತಿಗೆ ಬಂದು ಹೊಳಪು ಪಡೆದಿದೆ. ನಮ್ಮ ಹಣ, ನಮ್ಮ ಕೆಲಸ, ನಮ್ಮ ಮಕ್ಕಳು ತಲುಪಿರುವ ನಾಡನ್ನು ಇನ್ನೂ 'ದೂರದ ನಾಡು' ಎಂದಷ್ಟೇ ಕರೆಯುವುದು ಸರಿಯಲ್ಲ.

ಸೈಬೀರಿಯ ಎಂದಕೂಡಲೇ ಗಡೀಪಾರು ನೆನಪಾಗುವವರಿಗೂ ನನ್ನ ತಕರಾರಿಲ್ಲ. ಅದು ನಿಜವಾದ, ಮರೆಯಬಾರದ ಇತಿಹಾಸ. 1825ರ ದಂಗೆಯಲ್ಲಿ ಸೋತವರನ್ನು ಅಲ್ಲಿಗಟ್ಟಿದರು. ದೋಸ್ತೋಯೆವ್‌ಸ್ಕಿ ಕಾಲಿಗೆ ಸರಪಳಿ ತೊಟ್ಟು ಓಮ್ಸ್ಕ್ ಸೆರೆಮನೆಯಲ್ಲಿ ನಾಲ್ಕು ವರ್ಷ ಕಳೆದ. ಸ್ಟಾಲಿನ್ ಕಾಲದ ಶಿಬಿರಗಳಲ್ಲಿ ಸತ್ತವರು ಅಪಾರ. 'ರಷ್ಯದ ಕರಿನೀರು (4)' ಎಂದು ಯಾರಾದರೂ ಸುಳಿವು ಬರೆದರೆ ನಾನು ಅವರಿಗೆ ಕೈಮುಗಿಯುತ್ತೇನೆ. ಅದರಲ್ಲಿ ಮನುಷ್ಯರಿದ್ದಾರೆ.

ಈ ಸವಕಲು ಸುಳಿವಿನ ಪರಿಣಾಮ ಚೌಕದ ಒಳಗೇ ನಿಲ್ಲುವುದಿಲ್ಲ. ನಮ್ಮ ಮಾಗಡಿ ಕೆರೆಗೆ ಪ್ರತಿ ವರ್ಷ ನವೆಂಬರಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ತಂಗಿ, ಸಂಜೆ ಹೊಲಗಳಿಗೆ ಮೇಯಲು ಹೋಗಿ, ಬೆಳಗಿನ ಹೊತ್ತಿಗೆ ಸಾಲುಗಟ್ಟಿ ಕೂಗುತ್ತ ಮರಳುತ್ತವೆ. 2024ರಲ್ಲಿ ಆ ಕೆರೆ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ಕೆರೆ ಏರಿಯ ಮೇಲೆ ನಿಂತ ಯಾರನ್ನೇ ಕೇಳಿ, 'ಸೈಬೀರಿಯದಿಂದ ಬಂದ ಹಕ್ಕಿ' ಎನ್ನುತ್ತಾರೆ. ಆ ಹೆಬ್ಬಾತುಗಳು ಮರಿ ಮಾಡುವುದು ಮಂಗೋಲಿಯ, ಟಿಬೆಟ್, ಕಿರ್ಗಿಸ್ತಾನದ ಎತ್ತರದ ಸರೋವರಗಳ ಬಳಿ. ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳವು. ಚಳಿಯ ಕಡೆಯಿಂದ ಬಂದದ್ದೆಲ್ಲ ಸೈಬೀರಿಯದ್ದು ಎಂದುಕೊಂಡು ನಾವು ಅವುಗಳ ಊರನ್ನೇ ಅಳಿಸಿಬಿಟ್ಟಿದ್ದೇವೆ. ನಿಜವಾಗಿ ಸೈಬೀರಿಯದಿಂದ ಬರುತ್ತಿದ್ದ ಹಕ್ಕಿ ಬೇರೆಯೇ ಇತ್ತು. ಓಬ್ ನದಿಯ ಜೌಗಿನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಭರತ್‌ಪುರಕ್ಕೆ ಬರುತ್ತಿದ್ದ ಬಿಳಿ ಸೈಬೀರಿಯ ಕ್ರೌಂಚ. ದಾರಿಯಲ್ಲಿ ಬೇಟೆಗೆ ಬಲಿಯಾಗುತ್ತ ಕರಗಿ, 2002ರ ನಂತರ ಅವು ಭಾರತಕ್ಕೆ ಬಂದಿಲ್ಲ. ನಮ್ಮ ಮಕ್ಕಳು ಅಳಬೇಕಾದ ಹಕ್ಕಿ ಒಂದಿತ್ತು. ಅದರ ಹೆಸರನ್ನು ಇನ್ನೊಂದಕ್ಕೆ ಕೊಟ್ಟು ಸುಮ್ಮನಾದೆವು.

ಪದಬಂಧ ಮನರಂಜನೆ, ಅದರಲ್ಲಿ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಬಸ್ಸಿನಲ್ಲಿ ಕೂತು ಹತ್ತು ನಿಮಿಷದಲ್ಲಿ ಬಿಡಿಸುವವರಿಗೆ ಸುಳಿವು ಸುಲಭವಿರಬೇಕು, ಅಂಕಣದಲ್ಲಿ ಜಾಗವೂ ಕಡಿಮೆ ಎಂಬುದು ಅವರ ಮಾತು. ಎರಡೂ ನಿಜ. ಆದರೆ ಒಳ್ಳೆಯ ಸುಳಿವಿಗೆ ಹೆಚ್ಚು ಜಾಗ ಬೇಕಿಲ್ಲ. 'ಜನವಿರಳ ಅತಿಶೀತ ಪ್ರದೇಶ' ಮೂರು ಪದ. 'ಬೈಕಲ್ ಸರೋವರದ ನಾಡು' ಕೂಡ ಮೂರೇ ಪದ. 'ಲೀನಾ ಹರಿಯುವ ಸೀಮೆ' ಎಂದರೂ ಸಾಕು. ಅಂಟಾರ್ಕ್ಟಿಕಕ್ಕೆ 'ದಕ್ಷಿಣ ಗಂಗೋತ್ರಿಯ ಖಂಡ' ಎನ್ನಿ. ಅಲ್ಲಿ ಭಾರತದ ಮೊದಲ ಸಂಶೋಧನಾ ಕೇಂದ್ರ ಇತ್ತೆಂಬುದು ಒಬ್ಬರಿಗಾದರೂ ನೆನಪಾದೀತು. ಲಡಾಖ್‌ಗೆ 'ಶೀತ ಮರುಭೂಮಿ'ಯ ಬದಲು 'ಪಶ್ಮಿನಾ ಮೇಕೆಗಳ ನಾಡು' ಇರಲಿ. ಇವು ಕಷ್ಟದ ಸುಳಿವುಗಳೂ ಅಲ್ಲ. ಅಡ್ಡ ಪದಗಳಿಂದ ಎರಡು ಅಕ್ಷರ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ, ಬಂದ ಮೇಲೆ ಹೊಸ ಸಂಗತಿಯೊಂದು ತಲೆಯಲ್ಲಿ ಉಳಿಯುತ್ತದೆ.

ಬಿಡಿಸುವವರಿಗೂ ಒಂದು ಮಾತು. ಗೊತ್ತಾಗದ ಹೆಸರಿಗೆ ಮೊಬೈಲಿನಲ್ಲಿ ಸುಳಿವನ್ನೇ ಒತ್ತಿದರೆ ಉತ್ತರ ಬರುತ್ತದೆ, ನಾಡು ಬರುವುದಿಲ್ಲ. ಮಕ್ಕಳ ಶಾಲಾ ಚೀಲದಲ್ಲಿ ಭೂಪಟದ ಪುಸ್ತಕ ಇರುತ್ತದಲ್ಲ, ಅದನ್ನು ತೆಗೆಯಿರಿ. ಉರಲ್ ಪರ್ವತದ ಮೇಲೆ ಬೆರಳಿಟ್ಟು ಬಲಕ್ಕೆ ಸಾಗಿ. ಮಾಸ್ಕೊದಿಂದ ವ್ಲಾಡಿವೊಸ್ಟಾಕ್‌ವರೆಗೆ 9,289 ಕಿಲೋಮೀಟರ್ ರೈಲು ಹಳಿಯಿದೆ. ಅದರ ಉದ್ದಕ್ಕೂ ಓಮ್ಸ್ಕ್, ನೊವೊಸಿಬಿರ್ಸ್ಕ್, ಇರ್ಕುಟ್ಸ್ಕ್ ಸಿಗುತ್ತವೆ. ಮಗು ಪಕ್ಕದಲ್ಲಿದ್ದರೆ ಬೆರಳು ಅದರದ್ದಿರಲಿ.

ಸಂಪಾದಕರಲ್ಲಿ ನನ್ನ ಬೇಡಿಕೆ ಚಿಕ್ಕದು. ಮರುದಿನ ಉತ್ತರಗಳನ್ನು ಅಚ್ಚು ಹಾಕುತ್ತೀರಲ್ಲ, ಅದರ ಕೆಳಗೆ ಯಾವುದಾದರೂ ಒಂದು ಉತ್ತರಕ್ಕೆ ಎರಡು ಸಾಲಿನ ಟಿಪ್ಪಣಿ ಕೊಡಿ. ಸೈಬೀರಿಯ ಬಂದ ದಿನ ವೆರ್ಖೊಯಾನ್ಸ್ಕ್‌ನ ಆ ಎರಡು ಅಂಕಿ ಸಾಕು. ಇನ್ನೊಮ್ಮೆ ಬಂದಾಗ ಶೆರ್ಗಿನ್ನನ ಬಾವಿ, ಮತ್ತೊಮ್ಮೆ ಬಿಳಿ ಕ್ರೌಂಚ. ಬರೆಯುವವರು ಯಾರು ಎಂಬ ಚಿಂತೆ ಬೇಡ. ಪ್ರತಿ ತಾಲ್ಲೂಕಿನಲ್ಲೂ ನಿವೃತ್ತ ಭೂಗೋಳ ಶಿಕ್ಷಕರು ಇದ್ದೇವೆ. ನಮ್ಮ ಟಿಪ್ಪಣಿ ಪುಸ್ತಕಗಳನ್ನು ರದ್ದಿಗೆ ಹಾಕಿಲ್ಲ. ಸಂಭಾವನೆ ಕೇಳುವುದಿಲ್ಲ. ಪದಬಂಧ ರಚಿಸುವವರು ವಾರದ ಉತ್ತರಗಳನ್ನು ಮೊದಲೇ ಕಳಿಸಿದರೆ, ಒಂದೊಂದು ಹೆಸರಿಗೂ ಎರಡು ಸಾಲು ಬರೆದು, ಅಂಕಿಗಳನ್ನು ಎರಡು ಸಲ ನೋಡಿ, ಶನಿವಾರದ ಒಳಗೆ ತಲುಪಿಸುವ ಕೆಲಸ ನಮ್ಮದು.